ನಮ್ಮ ಹುಡುಗಿಯ ಮಾತು ಕಳ್ಳನ ಬಾಯಿಗೆ

ನನ್ನ ತಂಗಿಗೆ ಚಿಕ್ಕಂದಿನಿಂದಲೂ ದೊಡ್ಡ ಗಂಟಲು. ಬೈರಾಪಟ್ಟಣದ ನಮ್ಮ ಮನೆಯ ಹಿತ್ತಿಲಲ್ಲಿ ನಿಂತು ಅವಳು ಒಂದು ಸಲ ಕೂಗಿದರೆ ಸಾಕು, ಗದ್ದೆಯ ಆ ತುದಿಯಲ್ಲಿ ನೀರು ಕಟ್ಟುತ್ತಿದ್ದ ಅಪ್ಪ ಗುದ್ದಲಿ ಕೆಳಗಿಟ್ಟು ಊಟಕ್ಕೆ ಹೊರಡುತ್ತಿದ್ದ. ಹೆಣ್ಣುಮಗು ಇಷ್ಟು ಜೋರಾಗಿ ಕೂಗಬಾರದು ಎಂದು ಅವ್ವ ಬೈಯುತ್ತಿದ್ದಳು. ಆದರೆ ಅಪ್ಪನನ್ನು ಕರೆಸಬೇಕಾದಾಗ ಅವ್ವನೇ ಅವಳನ್ನು ಹುಡುಕಿಕೊಂಡು ಬರುತ್ತಿದ್ದಳು.

ನಾನು ರಾಮನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಂಗಿ ಪಿಯುಸಿ ಓದಲೆಂದು ಬಂದು ನನ್ನ ಬಾಡಿಗೆ ಮನೆಯಲ್ಲಿ ಉಳಿದುಕೊಂಡಳು. ಅದೇ ವಠಾರದ ಮಹಡಿಯ ಮೇಲಿನ ಕೋಣೆಯಲ್ಲಿ ನಮ್ಮ ಶಾಲೆಯ ಕನ್ನಡ ಟೀಚರ್ ಇದ್ದಳು. ಮಾಗಡಿಯವಳು, ನನ್ನ ವಾರಿಗೆಯವಳು. ತರಗತಿಯಲ್ಲಿ ಅಳೆದು ತೂಗಿದಂತೆ ಶುದ್ಧವಾಗಿ ಮಾತಾಡುವವಳು ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೆ ಬಂದ ಕೂಡಲೇ ‘ಏನ್ ಸಾರು ಮಾಡೀರಿ, ಒಸಿ ತೋರ್ಸಿ’ ಎನ್ನುತ್ತಿದ್ದಳು. ಮೂವರೂ ಒಟ್ಟಿಗೆ ಕೂತು ಉಣ್ಣುವುದು ಬೇಗನೆ ರೂಢಿಯಾಯಿತು. ನನಗೆ ಅದುವರೆಗೆ ಅಂಥ ಸ್ನೇಹ ಸಿಕ್ಕಿರಲಿಲ್ಲ.

ಕಾಲೇಜು ಸೇರಿ ಕೆಲವು ವಾರಗಳಾಗಿರಬೇಕು. ಒಂದು ಸಂಜೆ ತಂಗಿ ಬಂದವಳೇ ಬ್ಯಾಗು ಬಿಸಾಡಿ ಗೋಡೆಗೆ ಮುಖ ಮಾಡಿ ಕೂತಳು. ಕೆಲವು ದಿನದ ಹಿಂದೆ ಹಾಜರಿ ಕರೆಯುವಾಗ ಅವಳು ಬಾಗಿಲಲ್ಲಿ ನಿಂತು ‘ಒಳೀಕ್ ಬತ್ತೀನಿ ಮಿಸ್’ ಅಂದಿದ್ದಳಂತೆ. ಇಡೀ ತರಗತಿ ನಕ್ಕಿತಂತೆ. ಮರುದಿನದಿಂದ ಹುಡುಗಿಯರು ಅವಳನ್ನು ಕಂಡಾಗಲೆಲ್ಲ ‘ಬತ್ತೀನಿ’ ಎಂದು ಕರೆಯತೊಡಗಿದ್ದರು.

ನಾನು ಕಾಫಿ ಮಾಡಲು ಹೋದೆ. ಮಹಡಿಯಿಂದ ಇಳಿದು ಬಂದ ಗೆಳತಿ ಅವಳ ಪಕ್ಕ ಕೂತು ತಲೆ ಸವರುತ್ತ ಹೇಳಿದ್ದು ಒಳಗೆ ಕೇಳಿಸಿತು.

‘ನಿನ್ ಮಾತಲ್ಲಿ ಏನ್ ತಪ್ಪೈತೆ? ನಮ್ಮವ್ವ ಹಿಂಗೇ ಮಾತಾಡದು. ನಾನೂ ಹಿಂಗೇ ಮಾತಾಡ್ಕಂಡೇ ಎಂ.ಎ. ಮಾಡಿದ್ದು. ನಗೋರು ನಗ್ಲಿ, ನೀ ಬುಡಬ್ಯಾಡ.’

ಆ ಭಾನುವಾರ ಅವಳ ಮನಸ್ಸು ಹಗುರಾಗಲಿ ಎಂದು ಮೂವರೂ ಊರಾಚೆಯ ಬೆಟ್ಟ ಹತ್ತಿದೆವು. ಮೇಲೆ ಹೋದ ಮೇಲೆ ತಂಗಿ ಬಂಡೆಯ ಅಂಚಿನಲ್ಲಿ ನಿಂತು ಎದುರಿನ ಬೆಟ್ಟಕ್ಕೆ ಮುಖ ಮಾಡಿ, ಅಪ್ಪನನ್ನು ಕರೆಯುವ ಹಾಗೆ ಒಮ್ಮೆ ಕೂಗಿದಳು. ಕೂಗು ಹೋಗಿ ಬಡಿದು ತಿರುಗಿ ಬಂತು. ಬಂದದ್ದು ಹೋದದ್ದಕ್ಕಿಂತ ದೊಡ್ಡದಾಗಿತ್ತು ಎಂದು ನಮಗೆಲ್ಲ ಅನ್ನಿಸಿತು. ಪಕ್ಕದಲ್ಲಿ ಮೇಯುತ್ತಿದ್ದ ಮೇಕೆಗಳು ದಿಕ್ಕಾಪಾಲಾಗಿ ಓಡಿದವು.

ಗೆಳತಿ ನಕ್ಕು ನಕ್ಕು ಸುಸ್ತಾಗಿ, ‘ತಿರುಗಿ ಬರೋ ಕೂಗಿಗೆ ನಿಜವಾಗ್ಲೂ ಬಲ ಇದ್ದಿದ್ರೆ ಏನಾಗೋದು?’ ಅಂದಳು.

ನಮ್ಮ ಚಿತ್ರಕಥೆಯ ಹುಡುಗಿ ಹುಟ್ಟಿದ್ದು ಅಲ್ಲಿ. ನಾವು ಅವಳಿಗೊಂದು ಹೆಸರಿಟ್ಟಿದ್ದೆವು. ಆ ಹೆಸರು ಈಗ ನಮ್ಮದಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಹದಿನಾರು ವರ್ಷದ ಹುಡುಗಿ. ಕಪ್ಪು ಬಣ್ಣ, ಎರಡು ಜಡೆ, ಕಾಲೇಜಿನ ಚೂಡಿದಾರ, ಸೊಂಟಕ್ಕೆ ಬಿಗಿದು ಕಟ್ಟಿದ ದುಪಟ್ಟಾ, ಹವಾಯಿ ಚಪ್ಪಲಿ. ಅವಳು ಕೂಗಿದರೆ ಆ ಕೂಗು ಬಂಡೆಗೆ ಬಡಿದು ಹತ್ತು ಆಳಿನ ಬಲ ಹೊತ್ತು ಮರಳುತ್ತದೆ. ಬಿದ್ದ ಬಸ್ಸನ್ನು ಎತ್ತುತ್ತದೆ, ಮರಳು ಕದ್ದು ಓಡುವ ಲಾರಿಯನ್ನು ತಡೆಯುತ್ತದೆ. ಒಂದೇ ಷರತ್ತು. ಮನೆಯಲ್ಲಿ ಆಡುವ ಮಾತಿನಲ್ಲೇ ಕೂಗಬೇಕು. ನಾಚಿಕೆಪಟ್ಟು ಪುಸ್ತಕದ ಮಾತಿನಲ್ಲಿ ಕೂಗಿದರೆ ಬಂಡೆ ಸುಮ್ಮನಿರುತ್ತದೆ. ಕಷ್ಟದಲ್ಲಿರುವವರಿಗೆ ಅವಳು ಪ್ರತಿ ಕಥೆಯಲ್ಲೂ ಹೇಳುತ್ತಿದ್ದದ್ದು ನನ್ನ ತಂಗಿ ಅಡುಗೆಮನೆಯಿಂದ ದಿನವೂ ಹೇಳುತ್ತಿದ್ದ ಮಾತನ್ನೇ: ‘ಒಸಿ ತಡ್ಕಳಿ, ಬಂದ್ಬುಟ್ಟೆ.’

ಗೆಳತಿ ಬರೆದಳು, ನಾನು ಬಿಡಿಸಿದೆ. ಮೊದಲ ಕಥೆಯನ್ನು ಜೆರಾಕ್ಸ್ ಮಾಡಿಸಿ ಪಿನ್ ಹೊಡೆದು ಶಾಲೆಯ ಮಕ್ಕಳಿಗೆ ಹಂಚಿದೆವು. ಅವು ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾಗಿ ವಾಪಸ್ ಬಂದವು. ಆಮೇಲೆ ಒಂದು ಮಕ್ಕಳ ಮಾಸಿಕಕ್ಕೆ ಕಳಿಸಿದೆವು. ಅವರು ತಿಂಗಳಿಗೆ ಎರಡು ಪುಟ ಕೊಟ್ಟರು. ಬಣ್ಣಕ್ಕೆ ಜಾಗ ಸಿಕ್ಕಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಅವಳ ಮೈಬಣ್ಣವನ್ನು ಸರಿಯಾಗಿ ಹೊಂದಿಸಿಕೊಂಡದ್ದು. ತಂಗಿಯ ಕೈಯನ್ನು ಕಾಗದದ ಪಕ್ಕ ಇಟ್ಟುಕೊಂಡು ಕಂದುಬಣ್ಣಕ್ಕೆ ಒಸಿ ಕೆಂಪು, ಒಸಿ ನೀಲಿ ಬೆರೆಸುತ್ತ ಕೂರುತ್ತಿದ್ದೆ. ‘ಇನ್ನೂ ಎಷ್ಟ್ ಕಪ್ ಮಾಡೀಯೆ ನನ್ನ’ ಎಂದು ಅವಳು ಕೈ ಎಳೆದುಕೊಳ್ಳುತ್ತಿದ್ದಳು.

ವರ್ಷಗಳು ಕಳೆದವು. ತಂಗಿಗೆ ಕೋಡಿಹಳ್ಳಿಗೆ ಮದುವೆಯಾಯಿತು. ಗಂಡನಿಗೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ, ಊರಲ್ಲಿ ಹೊಲ, ಒಂದು ಜೊತೆ ಹಸು. ಹೆಣ್ಣುಮಗುವಾಯಿತು. ಇತ್ತ ನಮ್ಮ ಹುಡುಗಿ ಪುಸ್ತಕವಾಗಿ ಬಂದಳು. ಕನಕಪುರದ ಒಂದು ಶಾಲೆಯವರು ನಮ್ಮಿಬ್ಬರನ್ನೂ ಕರೆದಿದ್ದಾಗ ಸಾಲು ಸಾಲು ಹೆಣ್ಣುಮಕ್ಕಳು ಸೊಂಟಕ್ಕೆ ದುಪಟ್ಟಾ ಬಿಗಿದುಕೊಂಡು ಬಂದು ಒಟ್ಟಿಗೆ ‘ಒಸಿ ತಡ್ಕಳಿ, ಬಂದ್ಬುಟ್ಟೆ’ ಎಂದು ಕೂಗಿದರು. ಗೆಳತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಅದು ನಾಟಕ ಎಂದು ಈಗಲೂ ನಾನು ನಂಬಲಾರೆ.

ಅನಿಮೇಷನ್ ಸ್ಟುಡಿಯೋದವರು ಹುಡುಕಿಕೊಂಡು ಬಂದದ್ದು ಅದಾದ ಮೇಲೆ. ಪುಸ್ತಕವನ್ನು ಕಾರ್ಟೂನ್ ಮಾಡುತ್ತೇವೆ, ಟೀವಿಯಲ್ಲಿ ಧಾರಾವಾಹಿಯಾಗಿ ಬರುತ್ತದೆ ಎಂದರು. ಮೊದಲ ಭೇಟಿಗೆ ಇಬ್ಬರೂ ಹೋಗಿದ್ದೆವು. ಅದರ ಮುಂದಿನ ವಾರ ಊರಿನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. ಆರು ತಿಂಗಳು ನಾನು ಬೈರಾಪಟ್ಟಣದಿಂದಲೇ ಶಾಲೆಗೆ ಓಡಾಡುತ್ತ, ಬೆಳಿಗ್ಗೆ ಸಂಜೆ ಅವ್ವನನ್ನು ನೋಡಿಕೊಂಡೆ. ಸ್ಟುಡಿಯೋದ ಕೆಲಸಕ್ಕೆ ಗೆಳತಿ ಒಬ್ಬಳೇ ಹೋಗಿ ಬರುತ್ತಿದ್ದಳು.

‘ನೀನು ಒಪ್ಪಿದ್ದು ನಾನು ಒಪ್ಪಿದ ಹಾಗೆ’ ಎಂದು ನಾನೇ ಹೇಳಿದ್ದೆ. ಒಪ್ಪಂದಕ್ಕೂ ಅವಳು ತೋರಿಸಿದ ಕಡೆ ಸಹಿ ಹಾಕಿದ್ದೆ. ಅವಳು ಬಂದಾಗಲೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ.

‘ಮಾತು ಹಂಗೇ ಇರ್ತದಲ್ವೇನೆ?’

‘ಇರ್ತದೆ ಕಣೆ. ಮಾತಿಲ್ದಿದ್ರೆ ಅವ್ಳೆಲ್ಲಿ?’

ಒಮ್ಮೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಹುಡುಗಿಯ ಬಣ್ಣ ತಿಳಿಯಾಗಿ ಕಂಡಿತು. ಕೇಳಿದ್ದಕ್ಕೆ ‘ಅದು ಲೈಟಿಂಗು’ ಎಂದಳು. ಅವ್ವನಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು. ನಾನು ಎದ್ದು ಹೋದೆ. ಸ್ವಲ್ಪ ದಿನಕ್ಕೆ ಅವಳು ಶಾಲೆ ಬಿಟ್ಟು ಧಾರಾವಾಹಿಯ ಸಂಭಾಷಣೆ ಬರೆಯುವ ಕೆಲಸಕ್ಕೇ ನಿಂತಳು. ನನಗೆ ಖುಷಿಯೇ ಆಯಿತು. ಬರೆಯುವುದು ಅವಳೇ ಎಂದ ಮೇಲೆ ಇನ್ನೇನು ಭಯ ಎಂದುಕೊಂಡೆ.

ಮೊದಲ ಕಂತು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಗೆಳತಿಗೆ ಸ್ಟುಡಿಯೋದಲ್ಲೇ ಸಮಾರಂಭ ಇತ್ತು. ನನ್ನನ್ನೂ ಕರೆದಿದ್ದಳು, ಆದರೆ ನಾನು ತಂಗಿಯ ಜೊತೆ ಕೂತು ನೋಡಬೇಕೆಂದು ಕೋಡಿಹಳ್ಳಿಗೆ ಹೋದೆ. ತಂಗಿ ಬೀದಿಗೆಲ್ಲ ಹೇಳಿಬಿಟ್ಟಿದ್ದಳು. ಅವಳ ಅತ್ತೆ ಹೊಸ ಸೀರೆ ಉಟ್ಟು ಟೀವಿಯ ಎದುರು ಮೊದಲೇ ಜಾಗ ಹಿಡಿದಿದ್ದರು. ಪಕ್ಕದ ಮನೆಗಳ ಮಕ್ಕಳು ನಡುಮನೆ ತುಂಬಿದ್ದರು. ತಂಗಿ ಎಲ್ಲರಿಗೂ ಚಿತ್ರಾನ್ನ ಹಂಚಿ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಳು.

‘ನೋಡು ಪುಟ್ಟಿ, ಈಗ ಟೀವೀಲಿ ನಿಮ್ಮವ್ವ ಬತ್ತಾಳೆ’ ಎಂದಳು.

ತೆರೆಯ ಮೇಲೆ ಒಂದು ಹುಡುಗಿ ಬಂದಳು. ಹಾಲುಬಿಳುಪು ಮೈ, ಭುಜದವರೆಗೆ ಕತ್ತರಿಸಿದ ಕಂದು ಕೂದಲು, ಹೊಳೆಯುವ ಬೂಟು. ಬೆಟ್ಟ ಇರಲಿಲ್ಲ, ಎತ್ತರದ ಕಟ್ಟಡಗಳಿದ್ದವು. ಅವಳು ಕೂಗಲಿಲ್ಲ. ಕೈಯಲ್ಲೊಂದು ಪಟ್ಟಿ ಇತ್ತು, ಒತ್ತಿದರೆ ನೀಲಿ ಬೆಳಕು ಚಿಮ್ಮುತ್ತಿತ್ತು. ‘ಹೆದರಬೇಡಿ ಗೆಳೆಯರೇ, ನಾನು ಬರುತ್ತಿದ್ದೇನೆ’ ಎಂದಳು. ಬೇರೆ ಭಾಷೆಯಿಂದ ತಂದು ಕೂರಿಸಿದ ಹಾಗಿತ್ತು ಆ ಕನ್ನಡ. ಹೆಸರು ಮಾತ್ರ ನಮ್ಮದು.

ಇದು ಜಾಹೀರಾತಿರಬೇಕು ಎಂದು ತಂಗಿಯ ಅತ್ತೆ ಅಂದುಕೊಂಡರು. ‘ನಿಮ್ದು ಯಾವಾಗ್ ಬರದು?’ ಎಂದು ನನ್ನನ್ನು ಕೇಳಿದರು.

ಅಷ್ಟರಲ್ಲಿ ಕಳ್ಳ ಬಂದ. ದಪ್ಪ ಹೊಟ್ಟೆ, ಉಬ್ಬು ಹಲ್ಲು, ಕಪ್ಪು ಮೈ. ಅಂಗಡಿಯೊಂದರಿಂದ ಮೂಟೆ ಹೊತ್ತು ಓಡುತ್ತ, ಹೊರಗೆ ಕಾಯುತ್ತಿದ್ದ ತನ್ನ ಜೊತೆಗಾರರಿಗೆ ಕೂಗಿ ಹೇಳಿದ: ‘ಒಸಿ ತಡ್ಕಳಿ, ಬಂದ್ಬುಟ್ಟೆ.’ ಹೇಳಿ ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರಿ ಬಿದ್ದ. ಟೀವಿಯೊಳಗೆ ನಗು ಕೇಳಿಸಿತು. ನಡುಮನೆಯಲ್ಲಿದ್ದ ಮಕ್ಕಳೂ ನಕ್ಕರು. ನನ್ನ ತಂಗಿಯ ಮಗಳೂ ಚಪ್ಪಾಳೆ ತಟ್ಟಿ ನಕ್ಕಳು.

ಕಂತು ಮುಗಿಯುವವರೆಗೂ ಕಳ್ಳ ಮಾತಾಡಿದ. ಅವನ ಒಂದೊಂದು ಮಾತೂ ನನಗೆ ಗೊತ್ತಿತ್ತು. ರಾಮನಗರದ ನಮ್ಮ ಅಡುಗೆಮನೆಯಲ್ಲಿ, ಮುದ್ದೆ ತಿರುವುತ್ತ, ಬಟ್ಟೆ ಹಿಂಡುತ್ತ ತಂಗಿ ಆಡಿದ ಮಾತುಗಳು. ನಮ್ಮಿಬ್ಬರನ್ನು ಬಿಟ್ಟರೆ ಅವನ್ನು ಕೇಳಿದವಳು ಇನ್ನೊಬ್ಬಳೇ. ಕೊನೆಯಲ್ಲಿ ಹೆಸರುಗಳು ಬಂದವು. ಮೂಲ ಕಲ್ಪನೆ ಎಂದು ಗೆಳತಿಯ ಹೆಸರು, ಒಂಟಿಯಾಗಿ. ನನ್ನ ಹೆಸರು ಕೃತಜ್ಞತೆಗಳ ಸಾಲಿನಲ್ಲಿ, ಊಟ ಒದಗಿಸಿದವರ ಪಕ್ಕದಲ್ಲಿ ಹಾದುಹೋಯಿತು.

ಮಕ್ಕಳು ಎದ್ದು ಹೋದರು. ತಂಗಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ನನ್ನ ಮುಖ ನೋಡಲಿಲ್ಲ.

‘ಓಗ್ಲಿ ಬುಡಕ್ಕ’ ಎಂದಳು. ‘ಕಳ್ಳ ನಮ್ಮೂರ್ ಕಡೆಯೋನು ಅಂತ ಕಾಣ್ತದೆ.’

ನಗಲು ನೋಡಿದಳು, ಆಗಲಿಲ್ಲ. ತಟ್ಟೆಗಳನ್ನು ಹೊತ್ತುಕೊಂಡು ಹಿತ್ತಿಲಿಗೆ ಹೋದವಳು ತುಂಬ ಹೊತ್ತು ಒಳಗೆ ಬರಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಮಾಗಡಿಗೆ ಹೋದೆ. ಗೆಳತಿ ತಾಯಿಯ ಮನೆಗೆ ಬಂದಿದ್ದಳು. ಜಗುಲಿಯ ಮೇಲೆ ಅವಳ ತಾಯಿ ರಾಗಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದರು.

‘ಬಾ ಕಣವ್ವ, ಕೂತ್ಕ. ನೋಡ್ದಾ ಟೀವೀಲಿ? ನಮ್ ಮಾತು ಎಂಗ್ ಬತ್ತದೆ. ಆ ಕಳ್ಳ ನಗ್ಸಿ ನಗ್ಸಿ ಸಾಯ್ಸ್‌ಬುಟ್ಟ.’ ಹೆಮ್ಮೆಯಿಂದಲೇ ಹೇಳಿದರು. ಮಜ್ಜಿಗೆ ತರಲು ಒಳಗೆ ಹೋದರು.

ಗೆಳತಿ ಹೊರಗೆ ಬಂದಳು. ನಾನು ಬರುತ್ತೇನೆಂದು ಅವಳಿಗೆ ಗೊತ್ತಿದ್ದ ಹಾಗಿತ್ತು.

‘ನಾನು ಜಗಳ ಆಡ್ದೆ ಕಣೆ’ ಎಂದು ಅವಳೇ ಶುರು ಮಾಡಿದಳು. ‘ಎಲ್ಲ ಜಿಲ್ಲೆ ಮಕ್ಳಿಗೂ ಅರ್ಥ ಆಗ್ಬೇಕು, ಹೀರೋಯಿನ್ ಹಿಂಗೆ ಮಾತಾಡಿದ್ರೆ ಯಾರೂ ನೋಡಲ್ಲ ಅಂದ್ರು. ಪೂರ್ತಿ ಬಿಡೋದಾ, ಅರ್ಧನಾದ್ರೂ ಉಳಿಸ್ಕಳದಾ? ಯಾರಾದ್ರೂ ಒಬ್ರು ನಮ್ ಮಾತು ಆಡ್ಲಿ ಅಂತ ನಾನೇ ಹಟ ಹಿಡ್ದೆ. ಕಳ್ಳಂಗೆ ಕೊಡಿ ಅಂದ್ರು.’

‘ಕಳ್ಳನ ಮಾತು ಬರ್ದೋರು ಯಾರು?’

ಅವಳು ತಾಯಿ ಇಟ್ಟುಹೋದ ಮೊರ ಎತ್ತಿಕೊಂಡಳು.

‘ಯಾರು?’

‘ನಾನೇ.’

‘ನನ್ ತಂಗಿ ಮಾತು ಅದು. ಅವ್ಳು ಕಾಲೇಜಿಂದ ಅತ್ಕಂಡು ಬಂದಾಗ ಬುಡಬ್ಯಾಡ ಅಂದೋಳು ನೀನು.’

‘ನಂಗೆ ಬೇರೆ ಮಾತು ಎಲ್ಲಿಂದ ಬರ್ಬೇಕು ಯೋಳು’ ಎಂದಳು ಗೆಳತಿ. ದನಿ ಸಣ್ಣಗಾಗಿತ್ತು. ‘ನಗು ಬರೋ ಹಂಗೆ ಬರೀರಿ ಅಂದ್ರು. ಬರ್ದೆ. ಚೆನ್ನಾಗ್ ಬಂತು ಅಂದ್ರು. ಆಮೇಲೆ ನಿಲ್ಸಕ್ಕೆ ಆಗ್ಲಿಲ್ಲ.’

‘ನಂಗೆ ಮೊದ್ಲೇ ಹೇಳ್ಬೋದಿತ್ತು.’

‘ಹೇಳಿದ್ರೆ ನೀನು ಬೇಡ ಅಂತಿದ್ದೆ.’

ಅದು ನಿಜ. ಬೇಡ ಎನ್ನುತ್ತಿದ್ದೆ. ಅದು ಗೊತ್ತಿದ್ದೇ ಅವಳು ಆರು ತಿಂಗಳು ನನ್ನ ಎದುರು ಕೂತು, ಅವ್ವನ ಕಾಲು ನೀವುತ್ತ, ‘ಇರ್ತದೆ ಕಣೆ’ ಎಂದಿದ್ದಳು. ಅವಳ ತಾಯಿ ಮಜ್ಜಿಗೆ ತಂದರು. ಅವರ ಎದುರು ಏನೂ ಆಡಲಾಗದೆ ಕುಡಿದು ಎದ್ದೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಅಳು ಬಂದಿದ್ದರೆ ಚೆನ್ನಾಗಿತ್ತು.

ಧಾರಾವಾಹಿ ಹೆಸರು ಮಾಡಿತು. ಹುಡುಗಿಗಿಂತ ಕಳ್ಳನೇ ಮಕ್ಕಳಿಗೆ ಹಿಡಿಸಿದ. ತಂಗಿಯ ಮಗಳು ಕನಕಪುರದ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದಳು. ಒಂದು ದಿನ ಅವಳು ಶಾಲೆಗೆ ಹೋಗಲೊಲ್ಲೆ ಎಂದು ಹಟ ಹಿಡಿದಳಂತೆ. ವಿಚಾರಿಸಿದರೆ, ಅವಳು ಬಾಯಿ ತೆರೆದರೆ ಸಾಕು ಜೊತೆಯ ಮಕ್ಕಳು ‘ಕಳ್ಳಿ ಬಂದ್ಲು’ ಎಂದು ಹೊಟ್ಟೆ ಉಬ್ಬಿಸಿಕೊಂಡು ಓಡುವ ಆಟ ಆಡುತ್ತಿದ್ದರು. ಟೀಚರು ಗದರಿಸಿದ ಮೇಲೆ ಆಟ ನಿಂತಿತು. ಆದರೆ ಮಗು ಬದಲಾಯಿತು.

ನಾನು ಅಲ್ಲಿಗೆ ಹೋಗಿದ್ದ ದಿನ ಅವಳ ಅಪ್ಪ ಪಾಳಿ ಮುಗಿಸಿ ಹಾರೋಹಳ್ಳಿಯಿಂದ ಬಂದು ಬೈಕು ನಿಲ್ಲಿಸುತ್ತ ‘ಊಟ ಏನೈತೆ ಪುಟ್ಟಿ?’ ಎಂದು ಕೇಳಿದ.

‘ಐತೆ ಅನ್ಬಾರ್ದು ಅಪ್ಪ. ಇದೆ ಅನ್ಬೇಕು’ ಎಂದಿತು ಮಗು. ‘ಇಲ್ಲಾಂದ್ರೆ ನನ್ ಸ್ಕೂಲ್ ಹತ್ರ ಬರ್ಬೇಡ.’

ಅವನು ಬೈಕಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ‘ಆಯ್ತು ಕಣಮ್ಮ’ ಎಂದು ಕೈಕಾಲು ತೊಳೆಯಲು ಹೋದ. ಅಂದಿನಿಂದ ಅವನು ಮಗಳ ಎದುರು ಯೋಚಿಸಿ ಯೋಚಿಸಿ ಮಾತಾಡುತ್ತಾನೆ. ಮಾತು ಕಡಿಮೆಯಾಗಿದೆ.

ಇದನ್ನು ಗೆಳತಿಗೆ ಫೋನ್ ಮಾಡಿ ಹೇಳಿದೆ. ಬೈಯಲಿಲ್ಲ, ನಡೆದದ್ದನ್ನಷ್ಟೇ ಹೇಳಿದೆ. ‘ಮುಂದಿನ ಸೀಸನ್ನಲ್ಲಿ ಸರಿ ಮಾಡಿಸ್ತೀನಿ’ ಎಂದಳು. ಮುಂದಿನ ಸೀಸನ್ನಿನಲ್ಲಿ ಕಳ್ಳನಿಗೊಬ್ಬ ತಮ್ಮ ಬಂದ. ಅವನೂ ಹಾಗೇ ಮಾತಾಡುತ್ತಿದ್ದ.

ಅದೇ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅವಳೇ ಮುಖ್ಯ ಅತಿಥಿ. ವೇದಿಕೆಯ ಹಿಂದಿನ ಪರದೆಗೆ ಟೀವಿಯ ಹುಡುಗಿಯನ್ನು ಬಿಡಿಸಿಕೊಡಿ ಎಂದು ಹೆಡ್‌ಮಾಸ್ಟರು ನನ್ನನ್ನು ಕೇಳಿದರು. ನನಗೆ ಆ ಹುಡುಗಿಯನ್ನು ಬಿಡಿಸಲು ಬರುವುದಿಲ್ಲ ಎಂದೆ. ಅವರು ತಮಾಷೆ ಅಂದುಕೊಂಡು ನಕ್ಕು, ಕೊನೆಗೆ ಫ್ಲೆಕ್ಸ್ ಹಾಕಿಸಿದರು.

ಭಾಷಣ ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು, ಈ ಕಥೆ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದಳು. ನಾನು ಮಕ್ಕಳನ್ನು ಸುಮ್ಮನಿರಿಸುತ್ತ ಗೋಡೆಯ ಪಕ್ಕ ನಿಂತಿದ್ದೆ. ಗೆಳತಿ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಮೈಕಿನ ಹತ್ತಿರ ಬಾಗಿ, ತರಗತಿಯ ತನ್ನ ಶುದ್ಧ ಕನ್ನಡದಲ್ಲಿ ಹೇಳಿದಳು:

‘ಒಂದು ಭಾನುವಾರ ಮನಸ್ಸಿಗೆ ಬೇಸರವಾಗಿ ನಾನೊಬ್ಬಳೇ ಇಲ್ಲಿನ ಬೆಟ್ಟ ಹತ್ತಿದ್ದೆ. ಅಲ್ಲಿ ನಿಂತು ಒಮ್ಮೆ ಜೋರಾಗಿ ಕೂಗಿದೆ.’

ಮಕ್ಕಳು ಚಪ್ಪಾಳೆ ತಟ್ಟಿದರು. ಮಾತನ್ನು ಸ್ಟುಡಿಯೋದವರು ಕಿತ್ತುಕೊಂಡರು ಎಂದಾದರೂ ಅಂದುಕೊಳ್ಳಬಹುದಿತ್ತು. ಬಣ್ಣವನ್ನು, ಬೆಟ್ಟವನ್ನು ಅವರೇ ಅಳಿಸಿದರು ಎನ್ನಬಹುದಿತ್ತು. ಆದರೆ ಈ ಮಾತನ್ನು ಆಡು ಎಂದು ಅವಳನ್ನು ಯಾರೂ ಒತ್ತಾಯಿಸಿರಲಿಲ್ಲ.

ಕಾರ್ಯಕ್ರಮ ಮುಗಿದು ಜನ ಕರಗಿದ ಮೇಲೆ ಅವಳೇ ಸ್ಟಾಫ್‌ರೂಮಿನ ಹತ್ತಿರ ಬಂದಳು.

‘ಬೇಜಾರಾಯ್ತಾ? ಸ್ಟೇಜ್ ಮೇಲೆ ಕಥೆ ಚಿಕ್ಕದಾಗಿರ್ಬೇಕು ಕಣೆ. ಎಲ್ಲ ಬಿಡಿಸಿ ಹೇಳ್ತಾ ಕೂತ್ರೆ ಮಕ್ಳು ಕೇಳಲ್ಲ.’

‘ಚಿಕ್ಕದ್ ಮಾಡಕ್ಕೆ ಇಬ್ರನ್ನ ಬೆಟ್ಟದಿಂದ ತಳ್ಬೇಕಾಯ್ತಾ?’ ಎಂದೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ ಆಟೋಗ್ರಾಫ್ ಬೇಕೆಂದು ಓಡಿ ಬಂದಳು. ಗೆಳತಿ ಸಹಿ ಹಾಕಿದಳು. ಸಹಿಯ ಕೆಳಗೆ ಪೆನ್ನಿನಲ್ಲಿ ಒಂದು ಪುಟ್ಟ ಚಿತ್ರ ಗೀಚಿದಳು. ಎರಡು ಜಡೆ, ಸೊಂಟಕ್ಕೆ ಕಟ್ಟಿದ ದುಪಟ್ಟಾ. ಹಿಂದೆ ಸ್ಟಾಫ್‌ರೂಮಿನಲ್ಲಿ ಬಿಡುವಿನ ಹೊತ್ತಿನಲ್ಲಿ ನಾನೇ ಕಲಿಸಿದ್ದ ಗೆರೆಗಳು. ಆ ಮಗು ಅದನ್ನು ನೋಡಿ ‘ಇದ್ಯಾರು ಮಿಸ್?’ ಎಂದು ಕೇಳಿತು. ಗೆಳತಿ ಪೆನ್ನಿನ ಮುಚ್ಚಳ ಹಾಕಿದಳು. ನಾನು ಒಳಗೆ ಹೋಗಿ ಬ್ಯಾಗು ತೆಗೆದುಕೊಂಡು ಮನೆಗೆ ಹೊರಟೆ.

ಆಮೇಲೆ ನಾವು ಮಾತಾಡಿಲ್ಲ. ಹಬ್ಬಕ್ಕೆ ಅವಳಿಂದ ಶುಭಾಶಯ ಬರುತ್ತದೆ, ನಾನು ಓದಿ ಬಿಡುತ್ತೇನೆ. ಕೇಸು ಹಾಕೋಣವೇ ಎಂದು ತಂಗಿಯನ್ನು ಕೇಳಿದ್ದೆ. ‘ನನ್ ಗಂಟ್ಲು ನನ್ತಾವೇ ಐತಲ್ಲಕ್ಕ, ಕೋರ್ಟ್ನೋರು ಏನ್ ಕೊಡ್ಸ್ತಾರೆ’ ಎಂದಳು. ಹಾಗೆ ಹೇಳಿದಳಾದರೂ ಈಗೀಗ ಅವಳೂ ಮಗಳ ಶಾಲೆಗೆ ಹೋದರೆ ಮೆತ್ತಗೆ ಮಾತಾಡುತ್ತಾಳೆ. ನಾನು ಮತ್ತೆ ಚಿತ್ರಕಥೆ ಬಿಡಿಸಿಲ್ಲ. ಮಕ್ಕಳಿಗೆ ಹಣ್ಣು, ಮಡಕೆ, ಬೆಟ್ಟ, ಸೂರ್ಯ ಬಿಡಿಸುವುದನ್ನು ಕಲಿಸುತ್ತೇನೆ.

ಹೋದ ಚಳಿಗಾಲದಲ್ಲಿ ಮಾಗಡಿಯಿಂದ ಬಂದ ಬಸ್ಸಿನಲ್ಲಿ ಗೆಳತಿಯ ತಾಯಿ ಸಿಕ್ಕರು. ರಾಮನಗರದ ಆಸ್ಪತ್ರೆಗೆ ಕಣ್ಣು ತೋರಿಸಲು ಹೊರಟಿದ್ದರು. ನಾನು ದಾರಿಯಲ್ಲಿ ಹತ್ತಿದವಳು, ಅವರೇ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

‘ಯಾಕವ್ವ, ನಮ್ ಮನೆ ಕಡೆ ಬರದೇ ಬುಟ್ಬುಟ್ಟೆ? ನಮ್ ಹುಡ್ಗಿ ಜತೆ ಏನಾರ ಆಯ್ತಾ? ಅವ್ಳ್‌ನ ಕೇಳುದ್ರೆ ಎದ್ದೋಗ್ತಾಳೆ.’

‘ಏನಿಲ್ಲಮ್ಮ. ಸ್ಕೂಲಲ್ಲಿ ಕೆಲ್ಸ ಜಾಸ್ತಿ.’

ಅವರು ನನ್ನ ಮುಖವನ್ನೇ ನೋಡಿದರು. ನಂಬಲಿಲ್ಲ ಅನ್ನಿಸಿತು. ಮತ್ತೆ ಕೇಳಲೂ ಇಲ್ಲ. ಇಳಿಯುವ ಹೊತ್ತಿಗೆ ಕಾಲ ಬಳಿಯಿದ್ದ ಚೀಲದಿಂದ ಅವರೆಕಾಯಿಯನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ನನ್ನ ಬ್ಯಾಗಿಗೆ ತುಂಬಿದರು. ಸಿಪ್ಪೆಯ ಮೇಲಿನ ಸೊಗಡು ಇನ್ನೂ ಕೈಗೆ ಅಂಟುತ್ತಿತ್ತು. ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಅವರ ಕೈ ಹಿಡಿದು ಇಳಿಸಿ, ರಸ್ತೆ ದಾಟಿಸಿ, ಆಸ್ಪತ್ರೆಯ ಬಾಗಿಲವರೆಗೆ ಬಿಟ್ಟು ಬಂದೆ. ಮನೆಗೆ ಬಂದು ಒಬ್ಬಳೇ ಕೂತು ಕಾಯಿ ಬಿಡಿಸಿದೆ. ಒಬ್ಬಳಿಗೆ ತುಂಬ ಹೆಚ್ಚಾಗಿತ್ತು.